ಮಗುವಿಗೆ ಮಂಚ ಕೊಳ್ಳಿ, ಉಳಿದದ್ದು ನೀವೇ ಮಾಡಿ

ಮಗು ಬರುತ್ತಿದೆ ಅಂತ ಗೊತ್ತಾದ ಮೇಲೆ ನನ್ನ ಮರಗೆಲಸದ ಶೆಡ್ಡಿಗೆ ಬರುವ ಗಂಡ ಹೆಂಡತಿಯರಲ್ಲಿ ಬಹಳಷ್ಟು ಜನ ಕೇಳುವುದು ಒಂದೇ. ಮಗುವಿನ ಮಂಚ ನಾವೇ ಮಾಡಿಕೊಂಡರೆ ಎಷ್ಟು ದುಡ್ಡು ಉಳಿಯುತ್ತದೆ? ಹಲಗೆ, ಸ್ಕ್ರೂ, ಬಣ್ಣ ಎಲ್ಲದರ ಪಟ್ಟಿ ಮೊಬೈಲಿನಲ್ಲಿ ರೆಡಿ ಇರುತ್ತದೆ. ನನ್ನ ಹೊಟ್ಟೆಪಾಡೇ ಮರದ ಕೆಲಸ. ಆದರೂ ನಾನು ಹೇಳುವ ಉತ್ತರ ಬದಲಾಗಿಲ್ಲ. ಮಂಚ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ನಿಮ್ಮ ಕೈಯಾರೆ ಮಾಡಿ. ಮಂಚ ಮಾತ್ರ ಕೊಂಡು ತನ್ನಿ.

ಕಾರಣ ಇಷ್ಟೇ. ಆ ಕೋಣೆಯಲ್ಲಿರುವ ಬೇರೆಲ್ಲ ಸಾಮಾನು ಬಳಸುವಾಗ ನೀವು ಪಕ್ಕದಲ್ಲೇ ಇರುತ್ತೀರಿ. ಮಂಚದಲ್ಲಿ ಮಾತ್ರ ಮಗು ಗಂಟೆಗಟ್ಟಲೆ ಒಂದೇ ಇರುತ್ತದೆ, ನೀವು ನಿದ್ದೆಯಲ್ಲಿರುತ್ತೀರಿ. ಅಲ್ಲಿ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನೋಡುವವರಿಲ್ಲ. ಅಮೆರಿಕದ ನಿಯಮದ ಪ್ರಕಾರ ಮಂಚದ ಕಂಬಿಗಳ ನಡುವೆ ಸುಮಾರು 6 ಸೆಂ.ಮೀ.ಗಿಂತ ಜಾಸ್ತಿ ಸಂದು ಇರಬಾರದು. ಸಂದು ದೊಡ್ಡದಾದರೆ ಮಗುವಿನ ಮೈ ನುಸುಳಿ ಹೊರಗೆ ಬಂದು, ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಇದ್ದರೆ ಅದೂ ಜಾಸ್ತಿಯೇ. ಮೂಲೆಯ ಕಂಬ ಮೇಲಕ್ಕೆ ಚಾಚಿಕೊಂಡಿದ್ದರೆ ಬಟ್ಟೆ ಸಿಕ್ಕಿ ಕುತ್ತಿಗೆ ಬಿಗಿಯಬಹುದು.

ಅಳತೆ ಸರಿಯಾಗೇ ಮಾಡುತ್ತೇವೆ ಅನ್ನುವವರಿಗೆ ನಾನು ಕೀಲುಗಳ ಮಾತು ಹೇಳುತ್ತೇನೆ. ಹಿಂದೆ ಒಂದು ಬದಿಯನ್ನು ಕೆಳಗಿಳಿಸಬಹುದಾದ ಮಂಚಗಳು ಎಲ್ಲೆಡೆ ಇದ್ದವು. ದಿನಾ ಮೇಲೆ ಕೆಳಗೆ ಮಾಡಿ ಮಾಡಿ ಅದರ ಬಿಡಿಭಾಗ ಸಡಿಲವಾಗಿ, ಬದಿ ಕಳಚಿ, ಆ ಸಂದಿಯಲ್ಲಿ ಮಕ್ಕಳು ಸಿಕ್ಕಿಕೊಂಡು ಸತ್ತವು. 2011ರ ಜೂನ್‌ನಿಂದ ಅಮೆರಿಕದಲ್ಲಿ ಅಂಥ ಮಂಚ ಮಾಡುವುದನ್ನೂ ಮಾರುವುದನ್ನೂ ನಿಲ್ಲಿಸಿದರು. ಅವು ಕಾರ್ಖಾನೆಯಲ್ಲಿ ತಯಾರಾದವು. ರಜಾ ದಿನಗಳಲ್ಲಿ ಮನೆಯಲ್ಲಿ ಕೂತು ಹೊಡೆದ ಸ್ಕ್ರೂ, ನಿಂತು ಕುಣಿಯುವ ಮಗುವಿನ ಭಾರವನ್ನು ಎರಡು ವರ್ಷ ತಡೆಯುತ್ತದೆ ಅಂತ ನಾನು ಯಾರಿಗೂ ಗ್ಯಾರಂಟಿ ಕೊಡಲಾರೆ.

ಯಾರಾದರೂ ಬಳಸಿದ ಮಂಚ ಕೊಡುತ್ತೇವೆ ಅಂದರೆ ಇದೇ ಕಣ್ಣಿನಿಂದ ನೋಡಿ. ತಂಪು ಪಾನೀಯದ ಸಾಧಾರಣ ಕ್ಯಾನ್ ಕಂಬಿಗಳ ನಡುವೆ ತೂರಿದರೆ ಬೇಡ. ಒಂದು ಬದಿ ಕೆಳಗಿಳಿಯುತ್ತದೆ ಅಂದರೆ ಬೇಡವೇ ಬೇಡ. ಸ್ಕ್ರೂ ಕಳೆದುಹೋಗಿ, ಆ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುರುಕಿದ್ದರೆ ಅದೂ ಬೇಡ. ಹೊಸದೇ ಕೊಳ್ಳುವುದಾದರೆ ಅಲಂಕಾರವಿಲ್ಲದ, ಸುರಕ್ಷತಾ ನಿಯಮಕ್ಕೆ ಒಳಪಟ್ಟ ಸಾದಾ ಮಂಚ ಸಾಕು. ಬೆಲೆ ಏರುವುದು ಹೆಚ್ಚಾಗಿ ಕೆತ್ತನೆಗೆ, ಬಣ್ಣಕ್ಕೆ, ಹೆಸರಿಗೆ.

ಇನ್ನೊಂದು ವಿಷಯ ತುಂಬಾ ಜನರ ಖರ್ಚನ್ನು ನೇರವಾಗಿ ಇಳಿಸುತ್ತದೆ. ಕನಿಷ್ಠ ಮೊದಲ 6 ತಿಂಗಳು ಮಗು ಅಪ್ಪ ಅಮ್ಮನ ಕೋಣೆಯಲ್ಲೇ, ಆದರೆ ತನ್ನದೇ ಪ್ರತ್ಯೇಕ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಮಕ್ಕಳ ವೈದ್ಯರು ಹೇಳುತ್ತಾರೆ. ಅಂದರೆ ಹೆರಿಗೆಯ ದಿನಕ್ಕೆ ಮಗುವಿನ ಕೋಣೆ ಫೋಟೋದಲ್ಲಿ ಕಾಣುವ ಹಾಗೆ ಮುಗಿದಿರಬೇಕು ಅಂತ ಏನೂ ಇಲ್ಲ. ನಿಮ್ಮ ಕೋಣೆಯಲ್ಲಿ ಒಂದು ಮಂಚದ ಜಾಗ, ಬಟ್ಟೆ ಬದಲಿಸಲು ಒಂದು ಎತ್ತರದ ಜಾಗ, ಸಾಮಾನಿಡಲು ಒಂದಷ್ಟು ಡ್ರಾಯರು. ಶುರುವಿಗೆ ಇಷ್ಟು ಸಾಕು.

ನನ್ನನ್ನು ಕೇಳಿದರೆ ಕೈಯಾರೆ ಮಾಡಲು ಯೋಗ್ಯವಾದ ಮೊದಲ ಕೆಲಸ ಡೈಪರ್ ಬದಲಿಸುವ ತಟ್ಟೆ. ಅದಕ್ಕೆಂದೇ ಬೇರೆ ಮೇಜು ಕೊಳ್ಳಬೇಡಿ. ಡೈಪರ್ ಕಾಲ ಮುಗಿದ ಮೇಲೆ ಅದು ಸುಮ್ನೆ ಜಾಗ ತಿನ್ನುತ್ತದೆ. ಮನೆಯಲ್ಲಿ ಈಗಾಗಲೇ ಇರುವ, ಅಥವಾ ಹಳೆಯದಾಗಿ ಸಿಗುವ ಗಟ್ಟಿಮುಟ್ಟಾದ ಡ್ರಾಯರ್ ಬೀರು ಒಂದನ್ನು ತೆಗೆದುಕೊಳ್ಳಿ, ತಟ್ಟೆ ಕೂರುವುದು ಅದರ ಮೇಲೆ. ಮೇಲೆ ಎರಡೂ ಕೈ ಊರಿ ಅಲುಗಾಡಿಸಿ. ಅಡ್ಡಡ್ಡ ತೂಗಿದರೆ ಮೊದಲು ಕೀಲು ಬಿಗಿ ಮಾಡಬೇಕು. ಆಮೇಲೆ ಎತ್ತರ. ಅದರ ಮುಂದೆ ನಿಂತು ಮೊಣಕೈ ಮಡಚಿ ನೋಡಿ, ಮೇಲ್ಮೈ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ಸಾಮಾನ್ಯವಾಗಿ ಇದು 90ರಿಂದ 100 ಸೆಂ.ಮೀ. ಬರುತ್ತದೆ. ಹೆರಿಗೆಯಾದ ಹೊಸದರಲ್ಲಿ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ದಿನಕ್ಕೆ ಹತ್ತಾರು ಸಲ ಬಗ್ಗುವುದು ಎಷ್ಟು ಕಷ್ಟ ಅಂತ ಆ ತಾಯಿಗೇ ಗೊತ್ತು. ಹಾಗಾಗಿ ಈ ಅಳತೆಗೆ ನಿಲ್ಲಬೇಕಾದವರು ಯಾರು ಜಾಸ್ತಿ ಬಳಸುತ್ತಾರೋ ಅವರೇ.

ತಟ್ಟೆ ಅಂದರೆ ನಾಲ್ಕು ಹಲಗೆಯ ಒಂದು ಚೌಕಟ್ಟು, ಅಷ್ಟೇ. ಮೊದಲು ಮಗುವನ್ನು ಮಲಗಿಸುವ ಮೆತ್ತನೆಯ ಪ್ಯಾಡ್ ಕೊಳ್ಳಿ, ಆಮೇಲೆ ಹಲಗೆ ಕೊಯ್ಯಿರಿ. ಉಲ್ಟಾ ಮಾಡಿದರೆ ಪ್ಯಾಡ್ ಜಾರಾಡುತ್ತದೆ, ಇಲ್ಲವೇ ಮಡಚಿಕೊಳ್ಳುತ್ತದೆ. ಪ್ಯಾಡ್ ಹಾಕಿದ ಮೇಲೂ ಸುತ್ತ ಅಂಚು ಚೆನ್ನಾಗಿ ಎದ್ದು ನಿಲ್ಲಬೇಕು. ಅದಕ್ಕೆ ಪ್ಯಾಡಿನ ದಪ್ಪಕ್ಕಿಂತ ಸುಮಾರು 10 ಸೆಂ.ಮೀ. ಹೆಚ್ಚು ಅಗಲದ ಹಲಗೆ ಆರಿಸಿ. ಮೂಲೆಗಳಿಗೆ ಮೊಳೆ ಬೇಡ. ಮೊಳೆ ದಿನ ಕಳೆದಂತೆ ಮೇಲಕ್ಕೆ ಏಳುತ್ತದೆ. ಮರದ ಅಂಟು ಹಚ್ಚಿ, ಸ್ಕ್ರೂಗಿಂತ ಸಣ್ಣ ಡ್ರಿಲ್ ಬಿಟ್‌ನಿಂದ ಮೊದಲೇ ತೂತು ಕೊರೆದು, ಸ್ಕ್ರೂ ಹಾಕಿ. ತೂತು ಕೊರೆಯದೆ ಹಲಗೆಯ ತುದಿಗೆ ಸ್ಕ್ರೂ ತಿರುಗಿಸಿದರೆ ಮರ ಸೀಳುತ್ತದೆ. ಬಜೆಟ್ ಕೆಲಸದಲ್ಲಿ ಹಲಗೆ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ತಟ್ಟೆಯನ್ನು ಬೀರುವಿನ ಮೇಲೆ ಸುಮ್ನೆ ಇಡಬೇಡಿ, ಎರಡು ಬದಿಯ ಟೇಪಿನಿಂದ ಅಂಟಿಸಲೂ ಬೇಡಿ. ಹಿಂಬದಿಯಲ್ಲಿ ಎರಡು ಎಲ್ ಆಕಾರದ ಪಟ್ಟಿ ಹಾಕಿ ಬೀರುವಿನ ಮೇಲಿನ ಹಲಗೆಗೆ ಸ್ಕ್ರೂ ಬಿಗಿಯಿರಿ. ಸ್ಕ್ರೂ ಉದ್ದ ಆ ಹಲಗೆಯ ದಪ್ಪಕ್ಕಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಮೇಲಿನ ಡ್ರಾಯರ್ ಒಳಗೆ ಚೂಪು ತುದಿ ಇಣುಕುತ್ತದೆ. ಇಷ್ಟಾದರೂ ಅಂಚು ಇದೆ ಅಂತ ಮಗುವಿನಿಂದ ಕೈ ತೆಗೆಯಬಾರದು. ಒರೆಸುವ ಬಟ್ಟೆ, ಡೈಪರ್, ಬದಲಿ ಅಂಗಿ ಎಲ್ಲ ಮೇಲಿನ ಡ್ರಾಯರಿನಲ್ಲೇ ಇಟ್ಟರೆ ಒಂದು ಕೈ ಮಗುವಿನ ಮೇಲಿಟ್ಟೇ ಇನ್ನೊಂದು ಕೈಯಲ್ಲಿ ತೆಗೆಯಬಹುದು. ಡೈಪರ್ ಕಾಲ ಮುಗಿದಾಗ ತಟ್ಟೆ ಬಿಚ್ಚಿ, ತೂತುಗಳಿಗೆ ಮರದ ಪುಟ್ಟಿ ತುಂಬಿದರೆ ಬೀರು ಬೀರುವಾಗೇ ಉಳಿಯುತ್ತದೆ.

ಇದೇ ಬೀರುವನ್ನು ಗೋಡೆಗೆ ಕಟ್ಟಲೇಬೇಕು. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಡೆಯಲು ಕಲಿತ ಮಗು ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಕಾಲಿಡುತ್ತದೆ. ತೆರೆದ ಡ್ರಾಯರುಗಳ ಭಾರಕ್ಕೆ ಮಗುವಿನ ಭಾರ ಸೇರಿ ಇಡೀ ಬೀರು ಮುಂದಕ್ಕೆ ಮಗುಚುತ್ತದೆ. ಮಕ್ಕಳ ಜೀವ ಹೋದ ಎಷ್ಟೋ ಪ್ರಕರಣಗಳಾದ ಮೇಲೆ ಅಮೆರಿಕ 2022ರಲ್ಲಿ ಇದಕ್ಕೆಂದೇ ಕಾನೂನು ತಂದಿತು. ಕಟ್ಟಲು ಬೇಕಾಗುವುದು ಎರಡು ಲೋಹದ ಪಟ್ಟಿ, ನಾಲ್ಕು ಸ್ಕ್ರೂ, ಒಂದು ಡ್ರಿಲ್. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ತೂತು ಕೊರೆದು ಪ್ಲಾಸ್ಟಿಕ್ ಪ್ಲಗ್ ಹಾಕಿ ಬಿಗಿಯಿರಿ. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಹಿಂದಿರುವ ಚೌಕಟ್ಟಿನ ಪಟ್ಟಿ ಹುಡುಕಿ ಅದಕ್ಕೇ ಬಿಗಿಯಬೇಕು, ಬರೀ ಬೋರ್ಡ್ ಹಿಡಿದು ನಿಲ್ಲುವುದಿಲ್ಲ. ಬೀರುವಿನ ಕಡೆಗೂ ಅಷ್ಟೆ. ಹಿಂಬದಿಯ ತೆಳು ಪ್ಲೈಗೆ ಹಾಕಿದ ಸ್ಕ್ರೂ ಕಿತ್ತು ಬರುತ್ತದೆ, ಒಳಗಿನ ದಪ್ಪ ಚೌಕಟ್ಟಿಗೆ ಹಾಕಿ. ಬಾಡಿಗೆ ಮನೆ, ಗೋಡೆಗೆ ತೂತು ಹಾಕುವ ಹಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಮನೆ ಮಾಲೀಕರ ಹತ್ತಿರ ಕೇಳಿ. ಬಿಡುವಾಗ ತೂತು ಮುಚ್ಚಿಕೊಡುತ್ತೇವೆ ಅಂದರೆ ಒಪ್ಪುವವರೇ ಜಾಸ್ತಿ. ಒಪ್ಪದಿದ್ದರೆ ಎತ್ತರದ ಬೀರು ಬೇಡ, ಮೊಣಕಾಲೆತ್ತರದ ಪೆಟ್ಟಿಗೆಗಳಲ್ಲೇ ಸಾಮಾನಿಡಿ. ಡೈಪರ್ ಪ್ಯಾಡನ್ನು ನೆಲದ ಮೇಲೆ ಹಾಸಿ ಬದಲಿಸಿದರೆ ಮಗು ಬೀಳುವ ಭಯವೇ ಇಲ್ಲ.

ಈಗ ಕೈಕೆಲಸದ ರುಚಿ ಇರುವ ಭಾಗ, ಉಜ್ಜುವುದು. ಸ್ಯಾಂಡ್ ಪೇಪರ್ 120ನೇ ನಂಬರಿನಿಂದ ಶುರು ಮಾಡಿ, 180, ಕೊನೆಗೆ 220. ನಂಬರ್ ಏರಿದಷ್ಟೂ ಪೇಪರ್ ನುಣುಪು. ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಮುಗಿಯಿತು ಅನ್ನಿಸಿದಾಗ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ನೀರು ತಾಗಿದ ಮರದ ಸಣ್ಣ ಎಳೆಗಳು ಎದ್ದು ನಿಂತು ಮೇಲ್ಮೈ ಮತ್ತೆ ತರಿತರಿ ಆಗುತ್ತದೆ. ಆಗ ಇನ್ನೊಮ್ಮೆ 220ರಲ್ಲಿ ಹಗುರವಾಗಿ ಉಜ್ಜಿ. ಇದನ್ನು ಮಾಡದಿದ್ದರೆ ಮೊದಲ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದ ದಿನವೇ ಸಿಬಿರು ಏಳುತ್ತದೆ. ಪರೀಕ್ಷೆಗೆ ಹಳೆಯ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಎಲ್ಲ ಕಡೆ ಸವರಿ. ಬೆರಳಿಗೆ ಗೊತ್ತಾಗದ ಸಿಬಿರೂ ನೈಲಾನ್ ದಾರಕ್ಕೆ ಸಿಕ್ಕಿಬೀಳುತ್ತದೆ. ಮೂಲೆಗಳ ಮೇಲೆ ನಾಣ್ಯ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು, ಆ ಗೆರೆವರೆಗೂ ಉಜ್ಜಿ ದುಂಡಗೆ ಮಾಡಿ. ಹಲ್ಲು ಬರುವ ಕಾಲದಲ್ಲಿ ಮಗು ತನ್ನ ಬಾಯಿಯ ಎತ್ತರಕ್ಕೆ ಸಿಗುವ ಅಂಚನ್ನೆಲ್ಲ ಕಚ್ಚುತ್ತದೆ. ಹಾಗಾಗಿ ಕೆಳಗಿನ ಅಂಚುಗಳಿಗೆ ಮೇಲಿನದಕ್ಕಿಂತ ಹೆಚ್ಚು ಹೊತ್ತು ಕೊಡಿ.

ಉಜ್ಜುವ ಮುಂಚೆ ಒಂದು ಎಚ್ಚರಿಕೆ. ಹಳೆಯ ಬಣ್ಣ ಇರುವ ಸಾಮಾನನ್ನು ಒಣದಾಗಿ ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕ ಅದನ್ನು ಮನೆಬಳಕೆಯ ಬಣ್ಣದಲ್ಲಿ ನಿಷೇಧಿಸಿದ್ದು 1978ರಲ್ಲಿ. ಎಷ್ಟೋ ದೇಶಗಳಲ್ಲಿ ನಿಯಮ ಬಂದದ್ದು ಅದಕ್ಕಿಂತ ತುಂಬಾ ತಡವಾಗಿ. ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಉಜ್ಜಿದ ಧೂಳು ಗರ್ಭಿಣಿಯ ಉಸಿರಿಗೂ ಹೋಗುತ್ತದೆ, ಆಮೇಲೆ ತೆವಳುವ ಮಗುವಿನ ಕೈಗೂ ಅಂಟುತ್ತದೆ. ಬಣ್ಣ ಯಾವ ಕಾಲದ್ದು ಅಂತ ಗೊತ್ತಿಲ್ಲದ ಸಾಮಾನನ್ನು ಪರೀಕ್ಷೆ ಮಾಡಿಸದೆ ಮಗುವಿನ ಕೋಣೆಗೆ ತರಬೇಡಿ. ಪುಕ್ಕಟೆ ಸಿಕ್ಕಿದರೂ ಬೇಡ.

ಪುಕ್ಕಟೆ ಅಂದಾಗ ಪ್ಯಾಲೆಟ್ ನೆನಪಾಯಿತು. ಸರಕು ಸಾಗಿಸುವ ಆ ಮರದ ಚೌಕಟ್ಟುಗಳನ್ನು ಬಿಚ್ಚಿ ಶೆಲ್ಫ್ ಮಾಡುವ ವಿಡಿಯೋಗಳು ನೂರಾರಿವೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಕೀಟ ಸಾಯಲಿ ಅಂತ ಮರವನ್ನು ಒಳಗಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಎಂಬಿ ಮರವನ್ನು ಮುಟ್ಟಲೇ ಬೇಡಿ. ಎಚ್‌ಟಿ ಆದರೂ ದಾರಿಯಲ್ಲಿ ಅದರ ಮೇಲೆ ಏನು ಚೆಲ್ಲಿತ್ತು ಅಂತ ಯಾವ ಮುದ್ರೆಯೂ ಹೇಳುವುದಿಲ್ಲ. ಬಾಲ್ಕನಿಯ ಗಿಡಗಳಿಗೆ ಸ್ಟ್ಯಾಂಡ್ ಮಾಡಿ, ಮಗುವಿನ ಕೋಣೆಗೆ ಹೊಸ ಹಲಗೆಯೇ ಬರಲಿ.

ಬಣ್ಣಕ್ಕೆ ನೀರಿನಲ್ಲಿ ಕರಗುವ, ವಾಸನೆ ಕಡಿಮೆ ಇರುವ ಪೇಂಟ್ ತನ್ನಿ, ಅದನ್ನು ಗರ್ಭಿಣಿ ಬಿಟ್ಟು ಬೇರೆಯವರು ಬಳಿಯಲಿ. ಒಂದೆರಡು ಗಂಟೆಯಲ್ಲಿ ಕೈಗೆ ಅಂಟುವುದು ನಿಂತರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), ಪ್ಲೈವುಡ್ ಬಳಸಿದರೆ ಕೊಯ್ದ ಅಂಚಿಗೂ ತಳಕ್ಕೂ ಬಣ್ಣ ಹಚ್ಚಿ ಮುಚ್ಚಿ. ಒಳಗಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊರಬರುವುದು ಬರಿ ಅಂಚಿನಿಂದಲೇ ಜಾಸ್ತಿ. ಈ ಕೆಲಸವೆಲ್ಲ ಹೆರಿಗೆಗೆ ಎರಡು ತಿಂಗಳು ಮುಂಚೆ ಮುಗಿದರೆ ಕಿಟಕಿ ತೆಗೆದಿಟ್ಟು ಗಾಳಿಯಾಡಿಸಲು ಸಮಯ ಸಿಗುತ್ತದೆ. ಮಗು ಬೇಗ ಬಂದರೂ ಗಾಬರಿ ಇರುವುದಿಲ್ಲ.

ಹೊಲಿಗೆ ಬಲ್ಲವರಿಗೆ ಒಂದು ಮಾತು. ಮಂಚದ ಸುತ್ತ ಕಟ್ಟುವ ಮೆತ್ತೆ, ಪುಟ್ಟ ದಿಂಬು, ದಪ್ಪ ರಜಾಯಿ ಇವನ್ನೇ ಎಲ್ಲರೂ ಪ್ರೀತಿಯಿಂದ ಮೊದಲು ಹೊಲಿಯುತ್ತಾರೆ. ಮೊದಲ ವರ್ಷ ಮಗು ಮಲಗುವ ಕಡೆ ಇವು ಯಾವುವೂ ಇರಬಾರದು. ಮುಖಕ್ಕೆ ಒತ್ತಿಕೊಂಡರೆ ತಳ್ಳುವ ಶಕ್ತಿ ಮಗುವಿಗೆ ಇರುವುದಿಲ್ಲ. ಸುತ್ತ ಕಟ್ಟುವ ಮೆತ್ತೆಯನ್ನಂತೂ ಅಮೆರಿಕ 2022ರಲ್ಲಿ ನಿಷೇಧಿಸಿತು. ಸಮತಟ್ಟಾದ ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಬೆಡ್‌ಶೀಟ್, ಅಂಗಾತ ಮಲಗಿದ ಮಗು, ಮಂಚದಲ್ಲಿ ಇದಿಷ್ಟೇ. ನಿಮ್ಮ ಹೊಲಿಗೆ ಯಂತ್ರಕ್ಕೆ ಬೇರೆ ಕೆಲಸ ಬೇಕಾದಷ್ಟಿದೆ. ಮಗುವಿನ ಹಾಸಿಗೆಯ ಬೆಡ್‌ಶೀಟನ್ನು ಮಾತ್ರ ಅಳತೆಗೆ ತಕ್ಕದ್ದು ಕೊಂಡುಬಿಡಿ. ಒಗೆದು ಒಗೆದು ಮೆತ್ತಗಾದ ಹತ್ತಿ ಬೆಡ್‌ಶೀಟನ್ನು ಅಂಗೈಗಿಂತ ಸ್ವಲ್ಪ ದೊಡ್ಡ ಚೌಕಗಳಾಗಿ ಕತ್ತರಿಸಿ, ಎರಡು ಪದರ ಸೇರಿಸಿ ಹೊಲಿದರೆ ಒರೆಸುವ ಬಟ್ಟೆ. ಉಳಿದದ್ದರಲ್ಲಿ ಹೆಗಲ ಬಟ್ಟೆ, ಡ್ರಾಯರ್ ಒಳಗಿಡುವ ಪುಟ್ಟ ಬುಟ್ಟಿಗಳು. ಹೊಸ ಹತ್ತಿ ಬಟ್ಟೆ ತಂದರೆ ಕತ್ತರಿಸುವ ಮೊದಲೇ ಒಗೆಯಿರಿ, ಇಲ್ಲದಿದ್ದರೆ ಹೊಲಿದ ಮೇಲೆ ಅದು ಕುಗ್ಗುತ್ತದೆ.

ತೂಗುಬೊಂಬೆ ಮಾಡುವುದು ಸುಲಭ, ಚೆಂದ ಕೂಡ. ಆದರೆ ಅದು ಬರೀ ನೋಡಲು. ಮಗುವಿನ ಕೈಗೆ ಎಟುಕದಷ್ಟು ಮೇಲೆ, ಮಂಚದ ಕಂಬಿಗೆ ಕಟ್ಟದೆ ಚಾವಣಿಗೆ ಗಟ್ಟಿಯಾಗಿ ತೂಗುಹಾಕಿ. ಮಗು ಕೈ ಮಂಡಿ ಊರಿ ಏಳಲು ಶುರು ಮಾಡಿದಾಗ, ಇಲ್ಲವೇ 5 ತಿಂಗಳಾದಾಗ, ಯಾವುದು ಮೊದಲೋ ಆಗ ತೆಗೆದುಬಿಡಿ. ಮಣಿ, ಗುಂಡಿ ಹಚ್ಚುವ ಮುಂಚೆ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡಿ. ಅದರೊಳಗೆ ಜಾರಿ ಹೋಗುವಂಥದ್ದು ಗಂಟಲಿಗೂ ಹೋಗುತ್ತದೆ. ದೀಪದ ಸರ ಕಟ್ಟುವವರು ಅದರಲ್ಲಿ ಗುಂಡಿಯಾಕಾರದ ಬ್ಯಾಟರಿ ಇದೆಯಾ ನೋಡಿಕೊಳ್ಳಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಸ್ಕ್ರೂ ಹಾಕಿ ಮುಚ್ಚುವ ಬ್ಯಾಟರಿ ಡಬ್ಬಿ ಇರುವ ದೀಪ ಮಾತ್ರ ಸಾಕು. ಮಂಚ ಕಿಟಕಿಯಿಂದ ದೂರ ಇರಲಿ, ಪರದೆಯ ದಾರ ಅಲ್ಲಿಗೆ ಎಟುಕಬಾರದು. ಮಂಚದ ಮೇಲಿನ ಗೋಡೆ ಖಾಲಿ ಇರಲಿ. ಫ್ರೇಮು, ಶೆಲ್ಫು ಎಲ್ಲ ಎದುರು ಗೋಡೆಗೆ.

ಪುಸ್ತಕದ ಶೆಲ್ಫು, ಆಟಿಕೆ ಪೆಟ್ಟಿಗೆ, ಪುಟ್ಟ ಕುರ್ಚಿ ಈಗಲೇ ಬೇಡ. ಮಗು ಕೂತು ಆಡುವ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ, ಮರಗೆಲಸವೂ ಕುದುರಿರುತ್ತದೆ. ಆಟಿಕೆ ಪೆಟ್ಟಿಗೆ ಮಾಡುವಾಗ ಮುಚ್ಚಳ ಹಾಕಬೇಡಿ. ಬಗ್ಗಿ ಆಟಿಕೆ ತೆಗೆಯುವ ಮಗುವಿನ ಕುತ್ತಿಗೆಯ ಮೇಲೆ ಮುಚ್ಚಳ ಬೀಳುತ್ತದೆ, ಒಳಗೆ ಹೊಕ್ಕು ಕೂತರೆ ಉಸಿರು ಕಟ್ಟುತ್ತದೆ. ತೆರೆದ ಪೆಟ್ಟಿಗೆ, ಮಗುವಿನ ಸೊಂಟಕ್ಕಿಂತ ಕೆಳಗಿನ ಎತ್ತರ, ಹಿಡಿದೆಳೆಯಲು ಎರಡು ಬದಿಗೆ ಕೈ ತೂರುವ ತೂತು. ಆ ತೂತಿನ ಒಳಗಿನ ಅಂಚಿಗೂ ನೈಲಾನ್ ಕಾಲುಚೀಲದ ಪರೀಕ್ಷೆ ಆಗಲಿ.