ಸ್ಕ್ಯಾನ್‌ನಲ್ಲಿ ಗಟ್ಟಿ, ಬಿದ್ದರೆ ಮುರಿತ: ಮೂಳೆ ಮಾತ್ರೆಗಳ ಹಿಂದಿನ ಕಥೆ

ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ಹಾಗಾಗಿ ಹೆಚ್ಚು ಖನಿಜ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿತು. ಅಮೆರಿಕದಲ್ಲಿ 1984ರಲ್ಲಿ ಸೇರಿದ ತಜ್ಞರ ಸಭೆಯೊಂದು ಮಹಿಳೆಯರು ಕ್ಯಾಲ್ಸಿಯಂ ಸೇವನೆ ಹೆಚ್ಚಿಸಬೇಕೆಂದ ಮೇಲಂತೂ ಮಾತ್ರೆಗಳ ಮಾರಾಟ ಜೋರಾಯಿತು.

ಈ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಮೂಳೆ ಬೆಳೆಸಲೆಂದು ಕೊಟ್ಟು ನೋಡಿದ ಇನ್ನೊಂದು ಖನಿಜ, ಫ್ಲೋರೈಡ್. ಮುಟ್ಟು ನಿಂತ, ಮೂಳೆ ಸವೆತವಿದ್ದ 202 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ನಾಲ್ಕು ವರ್ಷ ದಿನಕ್ಕೆ 75 ಮಿ.ಗ್ರಾಂ ಸೋಡಿಯಂ ಫ್ಲೋರೈಡ್ ಕೊಡಲಾಗಿತ್ತು. ಅವರ ಬೆನ್ನುಮೂಳೆಯ ಸಾಂದ್ರತೆ (ಸ್ಕ್ಯಾನ್‌ನಲ್ಲಿ ಕಾಣುವ ಖನಿಜದ ಪ್ರಮಾಣ) ಶೇ 35ರಷ್ಟು ಏರಿತ್ತು. ಆದರೆ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ, ಬೇರೆಡೆಯ ಮುರಿತ ಹೆಚ್ಚೇ ಆಯಿತು. ಹೊಸ ಮೂಳೆ ಬೆಳೆದಿತ್ತು ನಿಜ, ಅದಕ್ಕೆ ತಕ್ಕ ಬಲ ಬಂದಿರಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ: ಕೇಳಬೇಕಾದ್ದು ಸಾಂದ್ರತೆ ಎಷ್ಟು ಏರಿತು ಎಂದಲ್ಲ, ಮುರಿತ ಎಷ್ಟು ತಪ್ಪಿತು ಎಂದು.

ಕ್ಯಾಲ್ಸಿಯಂ ಈ ಪರೀಕ್ಷೆಯಲ್ಲಿ ಒಮ್ಮೆ ಗೆದ್ದಿತು. 1992ರ ಫ್ರಾನ್ಸ್‌ನ ಅಧ್ಯಯನದಲ್ಲಿ ವೃದ್ಧಾಶ್ರಮದ ಮಹಿಳೆಯರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಕೊಟ್ಟಾಗ ಸೊಂಟದ ಮುರಿತ ಸ್ಪಷ್ಟವಾಗಿ ಇಳಿಯಿತು. ಅವರ ಸರಾಸರಿ ವಯಸ್ಸು 84, ಎರಡರ ಕೊರತೆಯೂ ಅವರಲ್ಲಿ ಸಾಮಾನ್ಯವಾಗಿತ್ತು. ಕೊರತೆ ಇದ್ದಲ್ಲಿ ಮಾತ್ರೆ ಕೆಲಸ ಮಾಡಿತು. ಆದರೆ 36,282 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಇವೆರಡನ್ನೂ ಕೊಟ್ಟು ಸುಮಾರು ಏಳು ವರ್ಷ ಗಮನಿಸಿದ ಅಮೆರಿಕದ ಅಧ್ಯಯನ (2006) ಸೊಂಟದ ಮುರಿತದಲ್ಲಿ ಖಚಿತ ಇಳಿಕೆ ಕಾಣಲಿಲ್ಲ. ಕಿಡ್ನಿ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಿತ್ತು.

ಊಟದಲ್ಲಿರುವ ಕ್ಯಾಲ್ಸಿಯಂ ಕಿಡ್ನಿ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಎಂಬ ವಸ್ತುವನ್ನು ಕರುಳಿನಲ್ಲೇ ಹಿಡಿದಿಟ್ಟು ಕಲ್ಲನ್ನು ತಡೆಯುತ್ತದೆ. ಬರೀ ಹೊಟ್ಟೆಯಲ್ಲಿ ನುಂಗಿದ ಮಾತ್ರೆಗೆ ಆ ಅವಕಾಶವೇ ಇಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದ ಹೃದಯಾಘಾತವಾದೀತೆಂಬ ಭಯ ಹುಟ್ಟಿದ್ದು 2008 ಮತ್ತು 2010ರ ನ್ಯೂಜಿಲೆಂಡ್ ತಂಡದ ವಿಶ್ಲೇಷಣೆಗಳಿಂದ. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಆರೋಗ್ಯವಾಗಿರುವವರು ಸುಮ್ಮನೆ ಮಾತ್ರೆ ನುಂಗುವುದನ್ನು ನಾನು ಒಪ್ಪುವುದಿಲ್ಲ. ಕೊರತೆ ಇರುವವರು, ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. 1,250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಸಿಗುವ ಕ್ಯಾಲ್ಸಿಯಂ 500 ಮಿ.ಗ್ರಾಂ ಅಷ್ಟೇ. ಅದನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು.