ಲಕ್ವಾ ಮತ್ತು ಹೃದಯಾಘಾತ: ಕಟ್ಟಿದ ನಾಳದಾಚೆ ನಡೆಯುವುದೇನು?

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ‘ಲಕ್ವಾ ಹೊಡೀತು’ ಎನ್ನುತ್ತಾರೆ. ಹೃದಯದ ನಾಳ ಕಟ್ಟಿಕೊಂಡರೆ ಎಷ್ಟೋ ಸಲ ‘ಗ್ಯಾಸ್ ಆಗೈತಿ’ ಎಂದು ಸೋಡಾ ಕುಡಿಸುತ್ತಾರೆ. ಮೊದಲನೆಯದು ಎಲ್ಲ ಮುಗಿದುಹೋದ ಮಾತು, ಎರಡನೆಯದು ಏನೂ ಆಗಿಲ್ಲವೆಂಬ ಮಾತು. ವಾಸ್ತವದಲ್ಲಿ ಎರಡೂ ಕಡೆ ನೆತ್ತರು ಸಿಗದ ಅಂಗಾಂಶ ಸ್ವಲ್ಪಸ್ವಲ್ಪವಾಗಿ ಸಾಯುತ್ತಿರುತ್ತದೆ. ಈ ‘ಸ್ವಲ್ಪಸ್ವಲ್ಪವಾಗಿ’ ಎಂಬುದು ವೈದ್ಯರಿಗೇ ಮನದಟ್ಟಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಾಳದೊಳಗೆ ರಕ್ತ ಹೆಪ್ಪುಗಟ್ಟುವುದನ್ನು ಜರ್ಮನಿಯ ರುಡಾಲ್ಫ್ ವಿರ್ಶೋ 19ನೇ ಶತಮಾನದ ನಡುವಿನಲ್ಲಿಯೇ ವಿವರಿಸಿದ್ದರು. ಹೃದಯದ ನಾಳ ಕಟ್ಟಿಕೊಂಡವರೂ ಬದುಕುಳಿಯಬಹುದೆಂದು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ತೋರಿಸಿದರು. ಆದರೂ ಮುಂದಿನ ಹಲವು ದಶಕ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ವಾರಗಟ್ಟಲೆ ಹಾಸಿಗೆ ಹಿಡಿಸುವುದೇ ಆಗಿತ್ತು.

ನೋಟ ಬದಲಾದದ್ದು 1970ರ ದಶಕದಲ್ಲಿ. ನಾಯಿಗಳ ಹೃದಯದ ಮೇಲೆ ಪ್ರಯೋಗ ನಡೆಸಿದ ರೈಮರ್ ಮತ್ತು ಜೆನ್ನಿಂಗ್ಸ್, ನಾಳ ಮುಚ್ಚಿದ ಮೇಲೆ ಹೃದಯದ ಗೋಡೆ ಒಮ್ಮೆಲೇ ಸಾಯುವುದಿಲ್ಲ, ಸಾವು ಒಳಪದರದಲ್ಲಿ ಆರಂಭವಾಗಿ ಗಂಟೆಗಳು ಕಳೆದಂತೆ ಅಲೆಯಂತೆ ಹೊರಪದರದತ್ತ ಸರಿಯುತ್ತದೆ ಎಂದು 1977ರಲ್ಲಿ ಕಂಡುಕೊಂಡರು. ಮಿದುಳಿನಲ್ಲಿ ಕಂಡದ್ದು ಇನ್ನೂ ಸೋಜಿಗದ್ದು. ಅಲ್ಲಿ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಕೂಡಲೇ ಸಾಯುವುದಿಲ್ಲ. 10ರ ಆಸುಪಾಸಿಗೆ ಇಳಿದಾಗ ಕೋಶದ ಉಪ್ಪನ್ನು ಹೊರಹಾಕುವ ಸೋಡಿಯಂ ಪಂಪು ನಿಂತು, ಉಪ್ಪು ನೀರು ಒಳನುಗ್ಗಿ, ಕೋಶ ಊದಿಕೊಂಡು, ಕ್ಯಾಲ್ಸಿಯಂ ತುಂಬಿ ಅದು ನಾಶವಾಗುತ್ತದೆ. ಈ ಎರಡು ಮಟ್ಟಗಳ ನಡುವೆ ಸಿಕ್ಕಿಕೊಂಡ ಭಾಗಕ್ಕೆ ಸಂಶೋಧಕರಾದ ಆಸ್ಟ್ರುಪ್, ಸೀಶ್ಯೋ ಮತ್ತು ಸೈಮನ್ 1981ರ ಲೇಖನದಲ್ಲಿ ಗ್ರಹಣದ ಮಾತನ್ನೇ ಎರವಲು ಪಡೆದು ‘ಅರೆನೆರಳು’ ಎಂದರು. ಕಾಲುವೆಯ ಕೊನೆಯಂಚಿನ ಹೊಲ ಕಂಡ ಇಂಡಿ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಾಡಿದ ಬೆಳೆ ಸತ್ತ ಬೆಳೆಯಲ್ಲ, ಆದರೆ ನೀರು ನಾಳೆ ಬಂದರೆ ಉಪಯೋಗವಿಲ್ಲ.

ಸತ್ತ ಭಾಗದ ಗತಿಯೂ ಎರಡು ಅಂಗಗಳಲ್ಲಿ ಬೇರೆ. ಹೃದಯದಲ್ಲಿ ಅದು ಗಡಸು ಕಲೆಯಾಗಿ ಉಳಿದು ಮಿಡಿಯುವುದನ್ನು ಬಿಡುತ್ತದೆ. ಮಿದುಳಿನಲ್ಲಿ ಕರಗಿ ನೀರಾಗಿ ಪೊಳ್ಳು ಬಿಡುತ್ತದೆ.

ಅಲ್ಲಿಂದಾಚೆಗೆ ಔಷಧಗಳು ಬೇಗ ಬೇಗ ಬಂದವು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಹೃದಯಾಘಾತದಲ್ಲಿ ಜೀವ ಉಳಿಸುತ್ತದೆಂದು 1986ರ ಇಟಲಿಯ ದೊಡ್ಡ ಅಧ್ಯಯನ ಸಾಬೀತುಪಡಿಸಿತು. ಮಿದುಳಿಗೆ ಅಂಥ ಇಂಜೆಕ್ಷನ್ 1995ರಲ್ಲಿ 3 ಗಂಟೆಯ ಗಡುವಿನೊಂದಿಗೆ ಬಂದು, 2008ರಲ್ಲಿ ಗಡುವು ನಾಲ್ಕೂವರೆ ಗಂಟೆಗೆ ಚಾಚಿತು. ತಂತಿ ಹಾಕಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರ ಹೊತ್ತಿಗೆ ಗಟ್ಟಿಯಾಗಿ ನೆಲೆಯೂರಿತು.

ಗೋಜಲು ಇರುವುದು ಇಲ್ಲಿಯೇ. ಹೃದಯದ ಇಂಜೆಕ್ಷನ್ನಿಗೆ ಮುಖ್ಯವಾಗಿ ಬೇಕಾದದ್ದು ಇಸಿಜಿ. ಆದ್ದರಿಂದಲೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ಅದನ್ನು ತಾಲ್ಲೂಕು ಆಸ್ಪತ್ರೆಗಳತ್ತ ಒಯ್ಯಲು ಸಾಧ್ಯವಾಯಿತು. ಲಕ್ವಾದಲ್ಲಿ ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಸಿಟಿ ಸ್ಕ್ಯಾನ್ ನೋಡದೆ ಔಷಧ ಕೊಡುವಂತಿಲ್ಲ, ಒಡೆದಿದ್ದರೆ ಅದೇ ಔಷಧ ಪ್ರಾಣ ತೆಗೆಯಬಹುದು. ಹೀಗಾಗಿ ಹೃದಯದ ಔಷಧ ರೋಗಿಯ ಹತ್ತಿರ ಬರುತ್ತಿದೆ, ಮಿದುಳಿನ ರೋಗಿ ಇನ್ನೂ ಯಂತ್ರದ ಹತ್ತಿರ ಹೋಗಬೇಕಾಗಿದೆ. ದಾರಿಯ ಹೊತ್ತನ್ನು ಕಡಿಮೆ ಮಾಡುವ ಮಾತು ನಮ್ಮಲ್ಲಿ ಕಟ್ಟಡಗಳ ಮಾತಿಗಿಂತ ಯಾವಾಗಲೂ ಹಿಂದೆಯೇ ಉಳಿದಿದೆ.

ಇಂಡಿ ಕಡೆಯ ನಮ್ಮ ಹಿರಿಯರೊಬ್ಬರು ಒಂದು ನಸುಕಿನಲ್ಲಿ ಎಮ್ಮೆ ಹಿಂಡುತ್ತಿದ್ದಾಗ ಹಾಲಿನ ಚರಿಗಿ ಬಲಗೈಯಿಂದ ಜಾರಿತು. ‘ಜೋಮು ಹಿಡದೈತಿ, ತಿಕ್ಕಿದ್ರ ಬಿಡತೈತಿ’ ಎಂದು ಮನೆಯವರು ಎಣ್ಣೆ ತಿಕ್ಕಿದರು, ಮಾತು ತೊದಲಿದ ಮೇಲೆ ಗಾಡಿ ಹುಡುಕಿದರು. ವಿಜಯಪುರದಲ್ಲಿ ವೈದ್ಯರು ಮೊದಲು ಕೇಳಿದ್ದು, ‘ಕಡೀಕ ಎಷ್ಟು ಗಂಟೆಗೆ ಛಲೋ ಇದ್ರು?’ ಎಂದು. ಮಗ ಸ್ವಲ್ಪ ಯೋಚಿಸಿ, ‘ಹಾಲು ಹಿಂಡೂ ಹೊತ್ತಿಗ್ರೀ’ ಎಂದ. ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದೂವರೆ.