ಮೆಲೊಡಿಕ್ ಹಾರ್ಡ್‌ಕೋರ್: ಈ ಕಿರುಚಾಟದಲ್ಲಿ ಮೆಲೊಡಿ ಎಲ್ಲಿದೆ?

ಮೆಲೊಡಿ ಎಂದರೆ ನಮ್ಮ ಬಳಕೆಯಲ್ಲಿ ಮೆಲ್ಲಗೆ ಹರಿಯುವ, ಕಣ್ಣು ಮುಚ್ಚಿ ಕೇಳುವ ಹಾಡು. ಹಾರ್ಡ್‌ಕೋರ್ ಅದಕ್ಕೆ ತದ್ವಿರುದ್ಧ. 1980ರ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಪಂಕ್ ಎಂಬ ಒರಟು ರಾಕ್ ಸಂಗೀತವನ್ನೇ ಇನ್ನಷ್ಟು ಬಿರುಸಾಗಿಸಿ, ಒಂದೂವರೆ ನಿಮಿಷದಲ್ಲಿ ಹಾಡು ಮುಗಿಸುತ್ತಿದ್ದ ಸಂಗೀತ ಅದು. ಇವೆರಡನ್ನೂ ಜೋಡಿಸಿದ ಹೆಸರನ್ನು ನಂಬಿ ಹಾಡು ಹಾಕಿದವರು ಕೇಳುವುದು ಒಂದೇ: ಮೆಲೊಡಿ ಎಲ್ಲಿ? ಪ್ರಶ್ನೆ ಸರಿಯಾಗಿಯೇ ಇದೆ. ಯಾಕೆಂದರೆ ಇಲ್ಲಿ ಮೆಲೊಡಿ ಒಂದೇ ಕಡೆ ಕೂತಿಲ್ಲ, ಕಾಲಕ್ಕೆ ತಕ್ಕಂತೆ ಜಾಗ ಬದಲಿಸಿದೆ.

ಮೊದಲು ಅದು ಇದ್ದದ್ದು ಗಂಟಲಲ್ಲಿ. ಲಾಸ್ ಏಂಜಲೀಸ್ ಕಡೆಯ ಬ್ಯಾಡ್ ರಿಲಿಜನ್ ತಂಡದ 'ಸಫರ್' (1988) ಆಲ್ಬಮಿನಲ್ಲಿ 15 ಹಾಡು. ಎಲ್ಲವೂ 26 ನಿಮಿಷದಲ್ಲಿ ಮುಗಿಯುತ್ತವೆ. ಡ್ರಮ್ಸ್ ಓಡುತ್ತಲೇ ಇರುತ್ತದೆ, ಆದರೆ ಗ್ರೆಗ್ ಗ್ರಾಫಿನ್ ಅವಸರಪಡದೆ ಸ್ವರ ಎಳೆದು ಹಾಡುತ್ತಾರೆ. ಹಿಂದೆ ಉಳಿದವರ ದನಿಗಳು ಒಂದರ ಮೇಲೊಂದು ಕೂತು 'ಆ...' ಎನ್ನುತ್ತವೆ. ಅತ್ತ ವಾಷಿಂಗ್ಟನ್ ಡಿ.ಸಿ.ಯಲ್ಲಿ, ಮೈನರ್ ಥ್ರೆಟ್ ಎಂಬ ಹಾರ್ಡ್‌ಕೋರ್ ತಂಡದಲ್ಲಿದ್ದ ಬ್ರಯಾನ್ ಬೇಕರ್ 1985ರಲ್ಲಿ ಡ್ಯಾಗ್ ನ್ಯಾಸ್ಟಿ ತಂಡ ಕಟ್ಟಿದರು. ಮರುವರ್ಷದ 'ಕ್ಯಾನ್ ಐ ಸೇ' ಆಲ್ಬಮಿನಲ್ಲಿ ಹಾರ್ಡ್‌ಕೋರಿನ ವೇಗದ ಒಳಗೇ ಗುನುಗಬಹುದಾದ ಧಾಟಿ ಬಂತು. ಇದೇ ಬೇಕರ್ ಮುಂದೆ 1994ರಲ್ಲಿ ಬ್ಯಾಡ್ ರಿಲಿಜನ್ ಸೇರಿದ್ದು ನನಗೇನೂ ಆಶ್ಚರ್ಯವಲ್ಲ.

ನಿಜವಾದ ಕುಸುರಿ ಇರುವುದು ಗಿಟಾರಿನಲ್ಲಿ. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಅದು ಕಾರ್ಡ್. ಪಂಕ್ ಗಿಟಾರಿನ ದಿನಬಳಕೆಯ ಸಾಮಾನು ಪವರ್ ಕಾರ್ಡ್. ಅದರಲ್ಲಿರುವುದು ಸ ಮತ್ತು ಪ, ಅಷ್ಟೇ. ಗಾಂಧಾರ ಇಲ್ಲ. ಡಿಸ್ಟಾರ್ಷನ್ (ಗಿಟಾರಿನ ದನಿಯನ್ನು ಬೇಕೆಂದೇ ಒರಟಾಗಿಸುವುದು) ಏರಿಸಿದಾಗ ಗಾಂಧಾರ ಸೇರಿದ ಪೂರ್ತಿ ಕಾರ್ಡ್ ಕಲಸಿಹೋಗುತ್ತದೆ, ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಅದಕ್ಕೇ ಈ ಏರ್ಪಾಡು. ಆದರೆ ಮೇಜರೋ (ಹುಮ್ಮಸ್ಸಿನದೋ) ಮೈನರೋ (ಕಳವಳದ್ದೋ) ಎಂದು ಹೇಳಬೇಕಾದ್ದು ಆ ಗಾಂಧಾರವೇ. ಅದಿಲ್ಲದ ಕಾರ್ಡಿಗೆ ಬಲವಿರುತ್ತದೆ, ಭಾವ ಮಾತ್ರ ಇತ್ಯರ್ಥವಾಗಿರುವುದಿಲ್ಲ. ಮೆಲೊಡಿಕ್ ಹಾರ್ಡ್‌ಕೋರಿನಲ್ಲಿ ಒಬ್ಬ ಗಿಟಾರ್ ವಾದಕ ಕೆಳಗೆ ಸ-ಪ ಬಾರಿಸುತ್ತಿರುವಾಗ ಇನ್ನೊಬ್ಬ ಬಿಟ್ಟುಹೋದ ಗಾಂಧಾರವನ್ನು ಮೇಲಿನ ಸ್ಥಾಯಿಯಲ್ಲಿ ತಂದು ಕೂರಿಸುತ್ತಾನೆ. ಕೆಳಗಿನದು ಕದಲುವುದೇ ಬೇಡ. ಮೇಲಿನ ಬೆರಳು ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ ಒಂದೇ ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಒಂದು ಮನೆ) ಹಿಂದೆ ಸರಿದರೆ ಹುಮ್ಮಸ್ಸಿನ ಹಾಡು ಕಳವಳದ ಹಾಡಾಗುತ್ತದೆ.

ಆ ಮೇಲಿನ ಸ್ವರವನ್ನು ಹೆಚ್ಚಾಗಿ ಆಕ್ಟೇವ್‌ನಲ್ಲಿ ನುಡಿಸುತ್ತಾರೆ. ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ತೋರುಬೆರಳು, ಮೂರನೇ ತಂತಿಯ ಐದನೇ ಫ್ರೆಟ್ಟಿಗೆ ಕಿರುಬೆರಳು. ನಡುವಿನ ತಂತಿಗೆ ತೋರುಬೆರಳೇ ಒರಗಿ ಅದರ ಬಾಯಿ ಮುಚ್ಚಿಸುತ್ತದೆ. ಈಗ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೊಳಗುತ್ತದೆ. ಬೆರಳ ಜೋಡಣೆ ಕದಡದೆ ಕೈಯನ್ನು ಮೇಲೆ ಕೆಳಗೆ ಜಾರಿಸುತ್ತಾ ಧಾಟಿ ಹೆಣೆಯುವುದು. ಒಂಟಿ ಸ್ವರವಾದರೆ ಈ ಗದ್ದಲದಲ್ಲಿ ಕಳೆದುಹೋಗುತ್ತಿತ್ತು; ಜೋಡಿಯಾದ್ದರಿಂದ ಸೀಳಿಕೊಂಡು ಬರುತ್ತದೆ.

ಡ್ರಮ್ಸ್ 'ಡುಗ್-ಟಕ್-ಡುಗ್-ಟಕ್' ಎಂದು ನಿಮಿಷಕ್ಕೆ 200 ಬೀಟ್‌ಗಳ ಆಸುಪಾಸಿನ ವೇಗದಲ್ಲಿ ಓಡಿ, ನಡುವೆ ತಟ್ಟನೆ ಅರ್ಧ ವೇಗಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ಓಟದಲ್ಲಿ ಸಿಕ್ಕಿದ್ದ ಗಿಟಾರಿನ ಧಾಟಿ ಕಿವಿಗೆ ನಿಚ್ಚಳವಾಗಿ ಬೀಳುವುದು ಆಗಲೇ.

2000ದ ನಂತರ ಗಾಯಕರಲ್ಲಿ ಬಹಳಷ್ಟು ಮಂದಿ ಸ್ವರವನ್ನೇ ಬಿಟ್ಟು ಕಿರುಚಿಗೆ ಬಂದರು. ಕೆನಡಾದ ಕಮ್‌ಬ್ಯಾಕ್ ಕಿಡ್, ಕೌಂಟರ್‌ಪಾರ್ಟ್ಸ್ ತಂಡಗಳನ್ನು ಕೇಳಿ ನೋಡಿ. ಮೆಲೊಡಿಯ ಭಾರವೆಲ್ಲ ಗಿಟಾರಿನ ಹೆಗಲಿಗೆ ಬಿತ್ತು. ಗಾಯಕನ ಪಾಲಿಗೆ ಉಳಿದದ್ದು ಮಾತು, ಉಸಿರು, ಲಯ. ಆಗಾಗ ಇಡೀ ತಂಡ ಒಂದೇ ಸಾಲನ್ನು ಒಕ್ಕೊರಲಿನಿಂದ ಕೂಗುತ್ತದೆ. ಇದಕ್ಕೆ ಗ್ಯಾಂಗ್ ವೋಕಲ್ಸ್ ಎನ್ನುತ್ತಾರೆ. ವೇದಿಕೆಯಲ್ಲಾದರೆ ಗಾಯಕ ಮೈಕನ್ನು ಜನರತ್ತ ಚಾಚಿಬಿಡುತ್ತಾನೆ. ಶ್ರುತಿ ಬೇಕಿಲ್ಲದ ಸಾಲನ್ನು ಯಾರು ಬೇಕಾದರೂ ಕೂಗಬಹುದಲ್ಲ.

ಕಿವಿ ಪಳಗಿಸಿಕೊಳ್ಳಲು ನಾನು ಹೇಳುವ ಆಲ್ಬಮ್ ಟೂಶೇ ಅಮೋರೆ ತಂಡದ 'ಸ್ಟೇಜ್ ಫೋರ್' (2016). ಗಾಯಕನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು; ಇವು ಆಕೆಯ ಕುರಿತ ಹಾಡುಗಳು. ಮೊದಲ ಸಲ ಕೇಳುವಾಗ ಗಾಯಕನ ದನಿಯನ್ನು ಪಕ್ಕಕ್ಕಿಟ್ಟು ಗಿಟಾರನ್ನಷ್ಟೇ ಹಿಂಬಾಲಿಸಿ. ಆತ ಹಾಡದೇ ಬಿಟ್ಟದ್ದನ್ನು ತಂತಿಗಳು ಹಾಡುತ್ತಿರುತ್ತವೆ. ಕೊನೆಯ ಹಾಡು ಮುಗಿಯುವುದು ಆಕೆ ಮಗನಿಗೆ ಬಿಟ್ಟಿದ್ದ ವಾಯ್ಸ್‌ಮೇಲ್‌ನಲ್ಲಿ. ಅಲ್ಲಿ ಧಾಟಿಯೂ ಇಲ್ಲ, ಕಿರುಚೂ ಇಲ್ಲ. ಫೋನಿನಲ್ಲಿ ಒಬ್ಬ ತಾಯಿಯ ಮಾತು, ಅಷ್ಟೇ.